ಕಿಟಕಿಯಾಚೆ ನಿಂತಿದ್ದ ಹುಡುಗಿ

ಥಿಯೋಫಿಲ್ ಸತ್ಯಸೇವಕ ಅಯ್ಯನವರು ನಮ್ಮ ಊರಿನ ಕ್ರೈಸ್ತ ಸಭೆಗೆ ಬೋಧಕರಾಗಿ ವರ್ಗವಾಗಿ ಬಂದಾಗ ಅವರ ಸಾಮಾನಿನಲ್ಲಿ ಹಾಸಿಗೆ ಪಾತ್ರೆಗಳಿಗಿಂತ ಪುಸ್ತಕದ ಪೆಟ್ಟಿಗೆಗಳೇ ಹೆಚ್ಚಿದ್ದವು. ಎಲ್ಲವೂ ದೃಷ್ಟಾಂತದ ಪುಸ್ತಕಗಳು. ಪ್ರಸಂಗ ಮಾಡುವವರಿಗೆ ನಡುನಡುವೆ ಹೇಳಲು ಕಥೆಗಳು ಬೇಕಲ್ಲ, ಅಂಥವನ್ನು ವಿಷಯಕ್ಕೆ ತಕ್ಕಂತೆ ಜೋಡಿಸಿ ಅಚ್ಚುಹಾಕಿಸಿದ ದಪ್ಪ ದಪ್ಪ ಸಂಪುಟಗಳು. ಬಿರುಗಾಳಿಗೆ ಸಿಕ್ಕ ಹಡಗಿನ ಕಪ್ತಾನರು, ಹಿಮದಲ್ಲಿ ದಾರಿ ತಪ್ಪಿದ ಅಂಚೆಯವರು, ಸಿಪಾಯಿಯ ತಪ್ಪನ್ನು ಕ್ಷಮಿಸಿದ ಮಹಾರಾಜರು ಅವುಗಳಲ್ಲಿ ಸಾಲುಸಾಲಾಗಿ ಇದ್ದರು. ಹಡಗನ್ನಾಗಲಿ ಹಿಮವನ್ನಾಗಲಿ ಕಂಡರಿಯದ ನಮ್ಮ ನೇಕಾರರ ಊರಿನಲ್ಲಿ ಅಯ್ಯನವರು ತಿಂಗಳುಗಟ್ಟಲೆ ಆ ಕಪ್ತಾನರನ್ನೇ ಪ್ರಸಂಗಪೀಠಕ್ಕೆ ಹತ್ತಿಸಿದರು. ಜನ ಮರ್ಯಾದೆಯಿಂದ ತೂಕಡಿಸಿದರು.

ನಾನು ಪ್ರಿಸ್ಕಿಲ್ಲಾ. ವಾರವೆಲ್ಲ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೆ, ಭಾನುವಾರ ದೇವಾಲಯದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದೆ. ಪ್ರಸಂಗಕ್ಕೆ ಹೊಂದುವ ಕೀರ್ತನೆಗಳನ್ನು ಆರಿಸಲು ಶನಿವಾರ ಮಧ್ಯಾಹ್ನ ಅಯ್ಯನವರ ಬಂಗಲೆಗೆ ಹೋಗುವುದು ನನ್ನ ವಾಡಿಕೆ. ಹಾಗಾಗಿ ಈಗ ಹೇಳುವುದರಲ್ಲಿ ಬಹುಪಾಲು ನನ್ನ ಕಣ್ಣೆದುರಿಗೇ ನಡೆಯಿತು. ಉಳಿದದ್ದನ್ನು ಅಯ್ಯನವರು ಒಂದಿಷ್ಟು, ಅವರ ಹೆಂಡತಿ ಕೃಪಾವತಿ ಅಮ್ಮನವರು ಒಂದಿಷ್ಟು, ಬೇರೆ ಬೇರೆಯಾಗಿ ನನ್ನ ಹತ್ತಿರ ಹೇಳಿಕೊಂಡರು.

ನಮ್ಮ ದೇವಾಲಯದಲ್ಲಿ ಬದುಕಿರುವವರ ಬಾಳಿನಲ್ಲಿ ನಡೆದದ್ದನ್ನು ಪೀಠದ ಮೇಲಿಂದ ಹೇಳಿದರೆ, ಕಡೆಯ ಆಶೀರ್ವಾದ ಆಗುವುದರೊಳಗೆ ಅದು ಅವರ ನೆನಪಿನಿಂದ ಹೊರಟುಹೋಗುತ್ತದೆ. ಕೇಳಿದವರಿಗೆಲ್ಲ ಅದು ಉಳಿಯುತ್ತದೆ. ಹೇಳಿದವರಿಗೂ ಉಳಿಯುತ್ತದೆ, ತಮ್ಮದನ್ನೇ ಹೇಳಿಕೊಂಡರೂ ಸರಿಯೇ. ಯಾರದನ್ನು ಇನ್ನೊಬ್ಬರು ಹೇಳಿದರೋ ಅವರಿಗೆ ಮಾತ್ರ ಇಲ್ಲ. ಆಮೇಲೆ ಅವರನ್ನು ಕೂರಿಸಿಕೊಂಡು ಎಷ್ಟು ಬಿಡಿಸಿ ಹೇಳಿದರೂ, ನೆರೆಮನೆಯವರ ಸುದ್ದಿ ಕೇಳಿದ ಹಾಗೆ ತಲೆಯಾಡಿಸಿ ಎದ್ದುಹೋಗುತ್ತಾರೆ. ಅದಕ್ಕೇ ನಮ್ಮಲ್ಲಿ ಏನಾದರೂ ಮನಸ್ಸಿನ ಮಾತು ಹೇಳಿದರೆ ಕೊನೆಗೆ "ಪೀಠಕ್ಕ ಬ್ಯಾಡ ಮತ್ತ" ಎಂದು ಸೇರಿಸುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಯರು ಬೋಧಕರ ಮುಂದೆ ಹೆಚ್ಚು ನಗುವುದಿಲ್ಲ. ಹಿಂದೆ ಇದ್ದ ಮುದಿ ಅಯ್ಯನವರು ತಮ್ಮ ಸೇವೆಯ ಉದ್ದಕ್ಕೂ ಬೈಬಲಿನ ಸಾಮ್ಯದಲ್ಲಿ ಬರುವ ಒಂದೇ ಕಳೆದುಹೋದ ಕುರಿಯನ್ನು ಹುಡುಕಿ ಹುಡುಕಿ ಹೆಗಲ ಮೇಲೆ ಹೊತ್ತು ತಂದು, ಯಾರ ಮನೆಗೂ ತೊಂದರೆ ಕೊಡದೆ ನಿವೃತ್ತರಾಗಿದ್ದರು.

ಹಿರಿಯರು ಇದನ್ನೆಲ್ಲ ಸತ್ಯಸೇವಕ ಅಯ್ಯನವರಿಗೆ ಬಂದ ದಿನವೇ ಹೇಳಿದ್ದರು. ಅವರು ನಂಬದೆ ನಕ್ಕುಬಿಟ್ಟರು. ಅವರ ದನಿ ಮೊದಲೇ ಒರಟು, ಗಂಟಲಲ್ಲಿ ಮರಳು ಸಿಕ್ಕಿಕೊಂಡ ಹಾಗೆ. ಆ ದನಿಯಲ್ಲಿ ಕಪ್ತಾನರ ಕಥೆ ಹೇಳಿ, ಕೆಳಗೆ ಒಂದು ಮುಖವೂ ಅರಳದ್ದನ್ನು ನೋಡಿ, ಇಳಿದು ಬರುವಾಗ ಅವರ ಹೆಗಲು ಜೋತುಬಿದ್ದಿರುತ್ತಿತ್ತು. "ಟೀಚರ್, ನನ್ನ ಮಾತು ಇವರಿಗೆ ಮುಟ್ಟವಲ್ದು" ಎಂದು ಒಂದು ಶನಿವಾರ ನನ್ನ ಮುಂದೆ ಹೇಳಿದರು. "ಈ ಪುಸ್ತಕದಾಗಿನ ಮಂದಿ ಯಾರೂ ಮಗ್ಗದ ಮುಂದ ಕುಂತವರಲ್ಲ."

ಆ ಹೊತ್ತಿಗೆ ಅಮ್ಮನವರು ಹೊರಗಿನಿಂದ ಕಿಟಕಿಯ ಹತ್ತಿರ ಬಂದು ನಿಂತರು. ಏನೂ ಮಾತಾಡಲಿಲ್ಲ. ಸರಳುಗಳ ಆಚೆ ಒಂದು ಬದನೆಕಾಯಿ ಎತ್ತಿ ಹಿಡಿದರು. ಅದು ಮೂಗಿರುವ ಮನುಷ್ಯನ ಮುಖದಂತೆ ಸೊಟ್ಟಗೆ ಬೆಳೆದಿತ್ತು. ಅಯ್ಯನವರು ಜೋತುಬಿದ್ದ ಹೆಗಲಿನಲ್ಲೇ ಹಾ ಹಾ ಎಂದು ನಕ್ಕರು. ಅಮ್ಮನವರು ಅಷ್ಟೇ ಗಂಭೀರವಾಗಿ ಬದನೆಕಾಯಿಯನ್ನು ಸೆರಗಿನಲ್ಲಿಟ್ಟುಕೊಂಡು ಹೋದರು. ಈ ಆಟವನ್ನು ನಾನು ಎಷ್ಟೋ ಸಲ ನೋಡಿದ್ದೆ. ಒಮ್ಮೆ ಸೀದುಹೋದ ರೊಟ್ಟಿ, ಒಮ್ಮೆ ಹಿಡಿಕೆ ಮುರಿದ ಸೌಟು, ಒಮ್ಮೆ ಯಾರದೋ ಮನೆಯ ಬೆಕ್ಕಿನಮರಿ. ವಯಸ್ಸಾದ ಗಂಡಹೆಂಡಿರು, ಮಕ್ಕಳಿಲ್ಲದ ಮನೆ, ಏನೋ ಅವರವರ ಸಲಿಗೆ ಎಂದುಕೊಂಡಿದ್ದೆ.

ಅದೇ ವಾರ ನೇಕಾರ ರೂಬೇನನ ತಾಯಿ ಕಾಯಿಲೆ ಬಿದ್ದಳು. ರೂಬೇನನಿಗೂ ಅವನ ತಮ್ಮನಿಗೂ ಮನೆ ಪಾಲಿನ ಜಗಳದಿಂದ ವರ್ಷಗಟ್ಟಲೆ ಮಾತಿರಲಿಲ್ಲ. ತಾಯಿಯ ಮಂಚದ ಎರಡು ಕಡೆ ನಿಂತು ಅವಳಿಗೆ ಗಂಜಿ ಕುಡಿಸುವಾಗ ಒಬ್ಬ ಬಟ್ಟಲು ಹಿಡಿದ, ಇನ್ನೊಬ್ಬ ಚಮಚ ಹಿಡಿದ. ಹಾಗೆ ಅವರ ಮಾತು ಮತ್ತೆ ಶುರುವಾಯಿತು. ಅಲ್ಲೇ ಪ್ರಾರ್ಥನೆಗೆ ಬಂದಿದ್ದ ಅಯ್ಯನವರಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಯಾವ ಪುಸ್ತಕದಲ್ಲೂ ಕಾಣಲಿಲ್ಲ. ಭಾನುವಾರ ಜಗಳದಿಂದ ಹಿಡಿದು ಗಂಜಿಯವರೆಗೆ ಎಲ್ಲವನ್ನೂ ಹೇಳಿದರು. ದೇವಾಲಯದಲ್ಲಿ ಒಬ್ಬರೂ ತೂಕಡಿಸಲಿಲ್ಲ. ಆರಾಧನೆ ಮುಗಿದ ಮೇಲೆ ಅಣ್ಣತಮ್ಮಂದಿರು ಎಂದೂ ಜಗಳವೇ ಆಡದವರ ಹಾಗೆ ಹೆಗಲ ಮೇಲೆ ಕೈ ಹಾಕಿಕೊಂಡು ಮನೆಗೆ ಹೋದರು. ಅವರ ಹೆಂಡಂದಿರಿಗೆ ಮಾತ್ರ ಜಗಳ ಚೆನ್ನಾಗಿ ನೆನಪಿತ್ತು. ಅವರು ಇನ್ನೂ ಬಹಳ ಕಾಲ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ, ಗಂಡಂದಿರು ಯಾಕೆಂದು ಕೇಳಿದರೆ ಹೇಳಲಾಗದೆ ಒದ್ದಾಡಿದರು.

ಅಯ್ಯನವರಿಗೆ ಆಗ ನಂಬಿಕೆ ಬಂತು. ನಂಬಿಕೆ ಬಂದ ಮೇಲೆ ಅದರಲ್ಲಿ ಅವರಿಗೆ ಹೆದರಿಕೆ ಕಾಣಲಿಲ್ಲ, ದೇವರ ಕೃಪೆ ಕಂಡಿತು. "ಜನ ತಮ್ಮ ಭಾರ ತಂದು ಇಲ್ಲೇ ಇಳಿಸಿ ಹೋಗಲಿ" ಎಂದರು. ಜನಕ್ಕೂ ಇದು ಹೊಳೆದದ್ದೇ ತಡ, ಒಬ್ಬೊಬ್ಬರಾಗಿ ಬಂಗಲೆಯ ಜಗಲಿಗೆ ಬರತೊಡಗಿದರು. ಗಂಡ ಬಿಟ್ಟುಹೋದ ದಿನವನ್ನು ಒಬ್ಬಳು ತಂದಳು. ಮಗ್ಗಕ್ಕೆ ಬೆಂಕಿ ಬಿದ್ದದ್ದನ್ನು ಒಬ್ಬ ತಂದ. ಹೆತ್ತವಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದು ಆಮೇಲೆ ನೋಡಲೂ ಹೋಗದವನೊಬ್ಬ ಅದನ್ನು ತಂದ. ಅಯ್ಯನವರು ಕೇಳಿ, ಹೆಸರು ಮರೆಮಾಡಿ, ಭಾನುವಾರಕ್ಕೆ ಹೊಂದಿಸುತ್ತಿದ್ದರು. ನಾನು ಅದಕ್ಕೆ ತಕ್ಕ ಕೀರ್ತನೆ ಹುಡುಕುತ್ತಿದ್ದೆ. ದೇವಾಲಯ ತುಂಬಿತು. ಬಾಗಿಲಾಚೆ ಹುಣಸೆಮರದ ಕೆಳಗೂ ಚಾಪೆ ಹಾಸಬೇಕಾಯಿತು. ಜನ ಬಿಸಿಬಿಸಿಯಾಗಿ ಅತ್ತು, ಹಗುರಾಗಿ ಮನೆಗೆ ಹೋಗುತ್ತಿದ್ದರು. ಅಯ್ಯನವರ ಒರಟು ದನಿಯೇ ಈಗ ಎಲ್ಲರಿಗೂ ಇಷ್ಟವಾಯಿತು.

ಯೋನಪ್ಪನ ವಿಷಯ ಬರುವ ತನಕ ಇದೆಲ್ಲ ಚೆನ್ನಾಗಿಯೇ ನಡೆಯಿತು. ಯೋನಪ್ಪ ಬಣ್ಣ ಹಾಕುವ ಕೆಲಸದವನು, ಮೊದಲು ಕಂಠಪೂರ್ತಿ ಕುಡಿಯುತ್ತಿದ್ದವನು. ಒಂದು ಸಂಜೆ ಕುಡಿದು ಮನೆಗೆ ಬಂದಾಗ ಅವನ ಪುಟ್ಟ ಮಗಳು ಹೆದರಿ ಜೋಳದ ಕಣಜದೊಳಗೆ ಇಳಿದು ಅಡಗಿಕೊಂಡಿದ್ದಳಂತೆ. ಹೊರಗೆ ಎತ್ತಿದಾಗ ಮೈಯೆಲ್ಲ ಹೊಟ್ಟು, ಉಸಿರು ಕಟ್ಟಿತ್ತು. ಮಗು ಬದುಕಿತು. ಆವತ್ತಿನಿಂದ ಯೋನಪ್ಪ ಹೆಂಡ ಮುಟ್ಟಿರಲಿಲ್ಲ. ಅವನು ಇದನ್ನು ಹೆಮ್ಮೆಯಿಂದಲೇ ತಂದು ಕೊಟ್ಟ. "ಹೇಳ್ರಿ ಅಯ್ಯನೋರ, ನಾಕು ಮಂದಿಗೆ ಬುದ್ಧಿ ಬರ್ಲಿ" ಎಂದ. ಅಯ್ಯನವರು ಹೇಳಿದರು. ಆ ಪ್ರಸಂಗ ಕೇಳಿ ಹೆಂಡ ಬಿಟ್ಟವರು ಇದ್ದಾರೆ. ಆದರೆ ಯೋನಪ್ಪನಿಗೆ ತಾನು ಯಾಕೆ ಬಿಟ್ಟೆ ಎಂಬುದೇ ಉಳಿಯಲಿಲ್ಲ. ಮಳೆಗಾಲ ಶುರುವಾಗುವ ಮೊದಲೇ ಅವನು ಮತ್ತೆ ಹೆಂಡದಂಗಡಿಯ ಬೆಂಚಿನ ಮೇಲಿದ್ದ.

ಅವನ ಹೆಂಡತಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂಗಲೆಗೆ ಬಂದಳು. ಕೂಗಾಡಲಿಲ್ಲ. "ಆ ಸಂಜೀನ್ನ ತಿರುಗಿ ಕೊಡ್ರಿ" ಎಂದಳು. "ಅದೊಂದು ಅವನ್ನ ಹಿಡದಿತ್ತು. ನಿಮಗ ಬ್ಯಾರೆ ಕತಿ ಸಿಗ್ತಾವ. ನಮಗ ಬ್ಯಾರೆ ಸಂಜಿ ಎಲ್ಲಿಂದ ತರೂಣ್ರಿ?"

ಅಮ್ಮನವರು ಅವಳನ್ನು ಒಳಗೆ ಕರೆದು ಚಹಾ ಕೊಟ್ಟರು, ಮಗುವಿನ ತಲೆ ಬಾಚಿದರು. ಅವಳು ಹೋದ ಮೇಲೆ ಗಂಡನಿಗೆ ಒಂದೇ ಮಾತು ಹೇಳಿದರು: "ಇನ್ನ ಸಾಕು ಮಾಡ್ರಿ."

ಸಾಕು ಮಾಡುವ ಪ್ರಶ್ನೆಯೇ ಬರಲಿಲ್ಲ. ಜನರೇ ಬಾಯಿ ಮುಚ್ಚಿಕೊಂಡರು. ಜಗಲಿ ಖಾಲಿಯಾಯಿತು. ಅಯ್ಯನವರು ಮನೆಗಳಿಗೆ ಹೋದರೆ ಜನ ಹವೆ, ನೂಲಿನ ದರ, ಹಲ್ಲುನೋವು ಇಷ್ಟನ್ನೇ ಮಾತಾಡಿದರು. ಅವರು ಮತ್ತೆ ಪೆಟ್ಟಿಗೆ ತೆರೆದು ಕಪ್ತಾನರನ್ನು ಹೊರಗೆ ತೆಗೆದರು. ಆದರೆ ಒಮ್ಮೆ ತಮ್ಮ ನಡುವಿನ ಜೀವಂತ ಕಥೆಗಳ ರುಚಿ ಹತ್ತಿದ ಜನಕ್ಕೆ ಹಡಗು ಎಲ್ಲಿ ಸೇರುತ್ತದೆ? ಹುಣಸೆಮರದ ಕೆಳಗಿನ ಚಾಪೆಗಳನ್ನು ಸುತ್ತಿ ಇಟ್ಟಾಯಿತು.

ಆ ವರ್ಷವೇ ದೇವಾಲಯಕ್ಕೆ ನೂರು ತುಂಬುತ್ತಿತ್ತು. ಬಿಷಪ್ಪರು ಬರುವವರಿದ್ದರು. ಸುತ್ತಲಿನ ಸಭೆಗಳಿಗೆಲ್ಲ ಕರೆ ಹೋಗಿತ್ತು. ಸತ್ಯಸೇವಕ ಅಯ್ಯನವರ ಪ್ರಸಂಗದ ಹೆಸರು ಬಿಷಪ್ಪರ ಕಿವಿಗೂ ಬಿದ್ದಿತ್ತಂತೆ. ಅಂದಿನ ಪ್ರಸಂಗ ನೀವೇ ಮಾಡಬೇಕು, ನಾನು ಕೆಳಗೆ ಕೂತು ಕೇಳುತ್ತೇನೆ ಎಂದು ಹೇಳಿ ಕಳಿಸಿದ್ದರು. ಅಯ್ಯನವರಿಗೆ ಊಟ ಸೇರದಾಯಿತು. ಉತ್ಸವದ ಹಿಂದಿನ ದಿನ ನಾನು ಹೋದಾಗ ಮೇಜಿನ ಮೇಲೆ ಪುಸ್ತಕಗಳು ರಾಶಿ ಬಿದ್ದಿದ್ದವು, ಅವರು ಅವುಗಳನ್ನು ನೋಡದೆ ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಬರಿಗೈಯಲ್ಲಿ ದೇವರ ಬಳಿಗೆ ಬರುವವರ ಕುರಿತು ಒಂದು ಹಳೆಯ ಕೀರ್ತನೆ ಇದೆ, ಅದನ್ನು ಹಾಡಿಸಿ ಎಂದರು.

"ದೃಷ್ಟಾಂತ ಯಾವುದ್ರಿ ಅಯ್ಯನೋರ? ಅದಕ್ಕ ಹೊಂದ್ಬೇಕಲ್ಲ" ಎಂದೆ.

"ಹೊಂದ್ತದ" ಎಂದರು. ಆಮೇಲೆ, ನನ್ನನ್ನು ಕೇಳಿದರೋ ತಮ್ಮನ್ನು ಕೇಳಿಕೊಂಡರೋ, "ಇಬ್ಬರಿಗೂ ಸೇರಿದ್ದು ಅಂದಮ್ಯಾಲ ಅದರಾಗ ಒಬ್ಬರಿಗೆ ಹೇಳೂ ಹಕ್ಕು ಇರ್ತದಲ್ಲ?" ಎಂದರು. ನನಗೆ ತಿಳಿಯಲಿಲ್ಲ. ಅಡುಗೆಮನೆಯಿಂದ ಅಮ್ಮನವರು ಹಾಡಿಕೊಳ್ಳುತ್ತಿದ್ದದ್ದು ಕೇಳುತ್ತಿತ್ತು. ಅವರನ್ನು ಕರೆದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ಬೇಡ ಎನ್ನುತ್ತಾಳೆಂದು ಗೊತ್ತಿದ್ದೇ ಕೇಳಲಿಲ್ಲ ಎಂದು ಅಯ್ಯನವರು ಆಮೇಲೆ ಹೇಳಿದರು.

ಮರುದಿನ ದೇವಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮ್ಮನವರು ಹೆಂಗಸರ ಮೊದಲ ಸಾಲಿನಲ್ಲಿ, ನನ್ನ ಹಾರ್ಮೋನಿಯಂನ ಪಕ್ಕದಲ್ಲೇ ಕೂತಿದ್ದರು. ಹಸಿರು ಅಂಚಿನ ಬಿಳಿ ಸೀರೆ ಉಟ್ಟಿದ್ದರು. ಅಯ್ಯನವರು ವಾಕ್ಯ ಓದಿ, ಪೀಠದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಒಬ್ಬ ತರುಣ ಬೋಧಕನಿದ್ದ ಎಂದು ಶುರುಮಾಡಿದರು.

ಅವನಿಗೂ ಆಸ್ಪತ್ರೆಯ ಕಂಪೌಂಡರರ ಮಗಳಿಗೂ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಅವನಿಗೆ ಗಂಟಲಮಾರಿ ಬಂತು. ಅದೇ ಆಸ್ಪತ್ರೆಯ ಹಿತ್ತಲಿನ ಒಂಟಿ ಕೋಣೆಯಲ್ಲಿ ಅವನನ್ನು ಮಲಗಿಸಿದರು. ಯಾರೂ ಒಳಗೆ ಹೋಗುವಂತಿಲ್ಲ. ಜೀವ ಉಳಿದರೂ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ದನಿಯಿಲ್ಲದ ಬೋಧಕನಿಗೆ ಯಾವ ಸಭೆ, ಯಾವ ಅನ್ನ? ಹುಡುಗಿಯ ತಂದೆ ಮದುವೆ ಮುರಿದು ಬೇರೆ ಗಂಡು ನೋಡತೊಡಗಿದರು. ಹುಡುಗಿ ಮಾತ್ರ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಆ ಕೋಣೆಯ ಕಿಟಕಿಯ ಆಚೆ ಬಂದು ನಿಲ್ಲುತ್ತಿದ್ದಳು. ಅವನು ಮಾತಾಡಲಾರ. ಅವಳು ಗಟ್ಟಿಯಾಗಿ ಮಾತಾಡುವಂತಿಲ್ಲ. ಅದಕ್ಕೆ ಅವಳು ಅಂದಂದಿನ ಸುದ್ದಿಯಾಗಿ ಏನಾದರೊಂದು ವಸ್ತು ತಂದು ಎತ್ತಿ ತೋರಿಸುತ್ತಿದ್ದಳು. ಹಲ್ಲು ಮುರಿದ ಬಾಚಣಿಗೆ. ಮಳೆಯಲ್ಲಿ ಮಗುಚಿಕೊಂಡ ಕೊಡೆ. ಸೊಟ್ಟ ಬದನೆಕಾಯಿ. ಅವನು ದನಿಯಿಲ್ಲದೆ ನಗುತ್ತಿದ್ದ.

ಬದನೆಕಾಯಿ ಎಂದ ಕೂಡಲೇ ನನಗೆ ಹುಡುಗಿ ಯಾರೆಂದು ಹೊಳೆಯಿತು. ಅಮ್ಮನವರ ಕಡೆ ತಿರುಗಿದೆ. ಶುರುವಿನಲ್ಲಿ ಅವರ ತುಟಿಯ ಮೇಲೊಂದು ನಗು ಇತ್ತು. ಆಮೇಲೆ ಅವರು ಬೇಡ ಎಂಬಂತೆ ಸಣ್ಣಗೆ ತಲೆ ಅಲ್ಲಾಡಿಸುತ್ತಿದ್ದರು. ಅಯ್ಯನವರು ಆ ಕಡೆ ನೋಡಲಿಲ್ಲ.

ಒಂದು ಮಧ್ಯಾಹ್ನ ಹುಡುಗಿ ಬಂದಾಗ ಅವಳ ಕೈಯಲ್ಲಿ ಏನೂ ಇರಲಿಲ್ಲ. ಎರಡೂ ಕೈ ಎತ್ತಿ, ಅಂಗೈ ಬಿಡಿಸಿ ತೋರಿಸಿದಳು. ಬಳೆಯೂ ಇಲ್ಲ. ಹುಡುಗ ಮೊದಲು ತಮಾಷೆ ಎಂದುಕೊಂಡ. ಅವಳು ಕೈ ಇಳಿಸಲಿಲ್ಲ. ಆಗ ಅವನಿಗೆ ತಿಳಿಯಿತು. ತಂದೆ ಮಾಡಿಸಿದ್ದನ್ನೆಲ್ಲ ತಂದೆಗೇ ಬಿಚ್ಚಿಕೊಟ್ಟು, ಅವಳು ಮನೆ ಬಿಟ್ಟು ಬಂದಿದ್ದಳು. ದನಿ ಬರುತ್ತದೋ ಇಲ್ಲವೋ, ಅವನು ಬದುಕುತ್ತಾನೋ ಇಲ್ಲವೋ, ಯಾವುದೂ ಗೊತ್ತಿಲ್ಲದೆ ಬರಿಗೈಯಲ್ಲಿ ಬಂದು ನಿಂತಿದ್ದಳು. ದೇವರ ಮುಂದೆ ನಾವು ನಿಲ್ಲಬೇಕಾದದ್ದು ಹಾಗೆ, ಎಂದರು ಅಯ್ಯನವರು. ಅವರ ಒರಟು ದನಿ ಅಲ್ಲಿ ಒಡೆಯಿತು. ಆ ದನಿ ಕೇಳಿ, ಬೋಧಕ ಯಾರು, ಹುಡುಗಿ ಯಾರು ಎಂದು ಇಡೀ ದೇವಾಲಯಕ್ಕೆ ತಿಳಿಯಿತು. ಬಿಷಪ್ಪರು ಕಣ್ಣೊರೆಸಿಕೊಂಡರು. ನಾನೂ ಅತ್ತೆ. ಸ್ವರದ ಹಾಳೆ ಕಾಣದೆ ಕೀರ್ತನೆಯ ಮೊದಲ ಸಾಲನ್ನು ತಪ್ಪು ನುಡಿಸಿದೆ. ಅಂಥ ಪ್ರಸಂಗವನ್ನು ನಾನು ಮತ್ತೆ ಕೇಳಲಿಲ್ಲ ಎಂಬುದನ್ನು ಮುಚ್ಚಿಡಲಾರೆ.

ಅಮ್ಮನವರೂ ಅಳುತ್ತಿದ್ದರು. ಆದರೆ ಉಳಿದವರೆಲ್ಲ ಅಳುವ ಹಾಗೆ, ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡು, ಪಕ್ಕದವಳಿಗೆ ಜಾಗ ಮಾಡಿಕೊಡುತ್ತ. ಆಶೀರ್ವಾದ ಆಯಿತು. ಬಾಗಿಲಲ್ಲಿ ನಿಂತು ಕೈಮುಗಿಯುತ್ತಿದ್ದ ಗಂಡನ ಹತ್ತಿರ ಹೋಗಿ ಅವರು ಹೇಳಿದ್ದನ್ನು ಹಿಂದೆಯೇ ಇದ್ದ ನಾನು ಕೇಳಿದೆ.

"ಇವತ್ತಿನ ದೃಷ್ಟಾಂತ ಭಾಳ ಛಲೋ ಇತ್ರಿ. ಯಾವ ಪುಸ್ತಕದಾಗ ಸಿಕ್ತು?"

ಅಯ್ಯನವರ ಮುಗಿದ ಕೈ ಹಾಗೇ ನಿಂತಿತು. ಹಿಂದಿನಿಂದ ಜನ ನೂಕುತ್ತಿದ್ದರು. ಯಾರೋ ಅವರಿಗೆ ಹೂವಿನ ಹಾರ ಹಾಕಿದರು.

ಆ ಮೇಲಿನ ದಿನಗಳಲ್ಲಿ ಬಂಗಲೆಯಲ್ಲಿ ಜಗಳವಾಗಲಿಲ್ಲ, ಮಾತು ನಿಲ್ಲಲಿಲ್ಲ. ಅಮ್ಮನವರು ಅಡುಗೆ ಮಾಡಿದರು, ಬಟ್ಟೆ ಇಸ್ತ್ರಿ ಮಾಡಿದರು, ಗಂಡನಿಗೆ ಕೆಮ್ಮು ಬಂದರೆ ಕಷಾಯ ಕುದಿಸಿದರು. ಎಲ್ಲವನ್ನೂ ಚೆನ್ನಾಗಿ ಮಾಡಿದರು. ಆದರೆ ಮಾತಿನಲ್ಲಿ ಅವರನ್ನು "ಅಯ್ಯನೋರು" ಎನ್ನತೊಡಗಿದರು, ನಾವು ಅನ್ನುವ ಹಾಗೆ. ಶನಿವಾರ ನಾನು ಓದುವ ಕೋಣೆಯಲ್ಲಿ ಕೂತಿದ್ದಾಗ ಅವರು ತರಕಾರಿ ಬುಟ್ಟಿ ಹಿಡಿದು ಕಿಟಕಿಯ ಮುಂದೆ ಹಾದುಹೋಗುತ್ತಿದ್ದರು. ನಿಲ್ಲುತ್ತಿರಲಿಲ್ಲ. ಅಯ್ಯನವರು ಪ್ರತಿ ಸಲ ಮಾತನ್ನು ಅರ್ಧಕ್ಕೆ ಬಿಟ್ಟು ಆ ಕಡೆ ನೋಡುತ್ತಿದ್ದರು.

ಒಂದು ಸಲ ತಡೆಯಲಾರದೆ ಅವರೇ ಹಿತ್ತಲಿಗೆ ಹೋಗಿ, ಅಡುಗೆಮನೆಯ ಕಿಟಕಿಯ ಆಚೆ ನಿಂತು, ಒಂದು ಬದನೆಕಾಯಿ ಎತ್ತಿ ಹಿಡಿದರು. ನಾನು ಅಮ್ಮನವರ ಜೊತೆ ಒಳಗೆ ಸೊಪ್ಪು ಬಿಡಿಸುತ್ತಿದ್ದೆ. ಅಮ್ಮನವರು ತಲೆ ಎತ್ತಿ ನೋಡಿದರು. "ಪಲ್ಯ ಮಾಡ್ಲೇನ್ರಿ? ಆಗ್ಲೇ ಸಾರಿಗಿ ಇಟ್ಟೀನಲ್ಲ" ಎಂದರು. ಅಯ್ಯನವರು ಬದನೆಕಾಯಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಹೋದರು. ಅಮ್ಮನವರು ಅದನ್ನು ತೊಳೆದು ಹೆಚ್ಚಿದರು.

ಊರಿನ ಹೆಂಗಸರು ಅವರನ್ನು ನೋಡುವ ರೀತಿಯೂ ಬದಲಾಗಿತ್ತು. ನಲ್ಲಿಯ ಹತ್ತಿರ, ಅಂಗಡಿಯಲ್ಲಿ, ಎಲ್ಲರ ಕಣ್ಣಲ್ಲೂ ಒಂದು ಮೆಚ್ಚುಗೆ, ಹಿಂದೆಯೇ ಒಂದು ಅಯ್ಯೋ ಪಾಪ. ಯಾರೂ ಬಾಯಿ ಬಿಡಲಿಲ್ಲ, ಅದು ನಮ್ಮ ರೀತಿ. ಆದರೆ ಅಮ್ಮನವರು ದಡ್ಡರಲ್ಲ. ಒಂದು ದಿನ ಶಾಲೆ ಬಿಟ್ಟ ಮೇಲೆ ನನ್ನ ತರಗತಿಗೆ ಬಂದು, ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕೂತರು.

"ಪ್ರಿಸ್ಕಿಲ್ಲಾ, ಒಂದು ಮಾತು ಕೇಳ್ತೀನಿ. ನಮ್ಮಪ್ಪ ಸಾಯೂ ತನಕ ನನ್ನ ಕೂಡ ಮಾತಾಡ್ಲಿಲ್ಲ. ನನ್ನ ಮದುವಿಗೂ ಬರ್ಲಿಲ್ಲ. ಅದೆಲ್ಲ ನನಗ ನೆನಪದ. ಸತ್ತಾಗ ಹೋದೆ, ಮಾರಿ ಸೈತ ನೋಡಗೊಡ್ಲಿಲ್ಲ, ಅದೂ ನೆನಪದ. ಆದ್ರ ಯಾಕ ಅನ್ನೂದು ಎಷ್ಟು ಜಗ್ಗಿದ್ರೂ ಬರೂದಿಲ್ಲ. ಅಂಥಾದ್ದು ನಾನೇನು ಮಾಡಿದ್ದೆ?"

ನಾನು ಕರಿಹಲಗೆ ಒರೆಸುತ್ತ ನಿಂತೆ. ಒರೆಸಿದ್ದನ್ನೇ ಒರೆಸಿದೆ.

"ಆ ಕಿಟಕಿ ಹುಡುಗಿ ನಾನ ಏನು?" ಎಂದರು.

ಹೇಳಬಾರದಿತ್ತೋ ಏನೋ. ಹೌದೆಂದೆ. ಅವರು ಬಹಳ ಹೊತ್ತು ಬೆಂಚಿನ ಮೇಲೆ ಮಕ್ಕಳು ಕೊರೆದ ಗೆರೆಗಳನ್ನು ಬೆರಳಿನಿಂದ ತೀಡುತ್ತ ಕೂತರು. ಕೊನೆಗೆ, "ಧೈರ್ಯದಾಕಿ ಇದ್ಲು" ಎಂದರು. "ನನಗಂತೂ ಅಷ್ಟು ಧೈರ್ಯ ಇಲ್ಲ. ನಾನಾಗಿದ್ರ ಅಪ್ಪನ ಮಾತು ಕೇಳಿ ಮನಿಯಾಗ ಇರ್ತಿದ್ದೆ ಅನಸ್ತದ." ಎದ್ದು ಬಾಗಿಲ ತನಕ ಹೋಗಿ ತಿರುಗಿ ನಿಂತರು. "ಇವರು ನನ್ನ ಮಾರಿ ನೋಡ್ಕೋತ ಕೂಡ್ತಾರಲ್ಲ, ಅದು ಯಾಕಂತ ಈಗ ತಿಳೀತು. ನನ್ನ ಮಾರಿಯಾಗ ಆಕೀನ್ನ ಹುಡಕ್ತಾರ. ನಿನ್ನ ಮುಂದ ಹೇಳಾಕೇನು, ಪ್ರಿಸ್ಕಿಲ್ಲಾ, ನನಗ ಆಕಿ ಮ್ಯಾಲ ಹೊಟ್ಟಿಕಿಚ್ಚು ಆಗ್ತದ."

ಅವರಿಗೆ ಎಲ್ಲ ತಿಳಿದಿದೆ ಎಂಬುದನ್ನು ನಾನು ಅಯ್ಯನವರಿಗೆ ಹೇಳಲಿಲ್ಲ. ಅಮ್ಮನವರೇ ಹೇಳಿದ್ದರು ಎಂದು ಕಾಣುತ್ತದೆ. ಯಾಕೆಂದರೆ ಸ್ವಲ್ಪ ದಿನಕ್ಕೇ ಅಯ್ಯನವರು ನನ್ನನ್ನು ಒಂದು ವಿಚಿತ್ರವಾದ ಉಪಕಾರ ಕೇಳಿದರು. ವರ್ಷಕ್ಕೊಂದು ಮಹಿಳಾ ಭಾನುವಾರ ಬರುತ್ತದೆ, ಅಂದು ಹೆಂಗಸರೇ ಪ್ರಸಂಗ ಮಾಡುತ್ತಾರೆ. ಈ ಸಲದ ಪಾಳಿ ನನ್ನದಾಗಿತ್ತು.

"ಆ ಕಥಿ ನೀವು ಹೇಳ್ರಿ, ಟೀಚರ್" ಎಂದರು. ಶನಿವಾರದ ಮಧ್ಯಾಹ್ನ, ಮೇಜಿನ ಮೇಲೆ ಕೀರ್ತನೆಯ ಪುಸ್ತಕ ತೆರೆದಿತ್ತು. "ಹುಡುಗಿ ಕಥಿ ಅಲ್ಲ. ಹುಡುಗನ ಕಥಿ. ಕೋಣಿಯೊಳಗ ಮಲಗಿದ್ದವನು ಏನು ಕಂಡಾ, ಅದು. ನನ್ನ ಹೆಸರು ಹಿಡದು ಹೇಳ್ರಿ. ನಾನು ಕೆಳಗ ಕೂಡ್ತೀನಿ."

"ನಿಮಗೂ ಹೋಗಿಬಿಡ್ತದಲ್ರಿ!"

"ಹೋಗ್ಲಿ. ಆಕಿಗಿಲ್ಲದ್ದು ನನಗ್ಯಾಕ? ಇಬ್ಬರೂ ಸರಿಸಮ ಆಗ್ತೀವಿ. ಗುರುತು ಇಲ್ಲದವರ ಹಂಗ ಮತ್ತ ಶುರು ಮಾಡ್ತೀವಿ. ಈಗ ನೋಡ್ರಿ, ಊಟಕ್ಕ ಕುಂತಾಗ ನಾನು ಒಂದು ಕಡೆ, ಆಕಿ ಒಂದು ಕಡೆ, ನಡುವ ಅದು ಕುಂತಿರ್ತದ. ನನಗಷ್ಟ ಕಾಣಸ್ತದ." ಅವರು ತೆರೆದಿದ್ದ ಕೀರ್ತನೆಯ ಪುಸ್ತಕವನ್ನು ಮುಚ್ಚಿದರು. "ನಾನು ಮಾಡಿದ್ದಕ್ಕ ದೇವರು ಕ್ಷಮಿಸ್ಯಾನೋ ಇಲ್ಲೋ ಗೊತ್ತಿಲ್ಲ. ಆಕಿ ಕ್ಷಮಿಸಾಕ ಬರೂದ ಇಲ್ಲ. ಏನು ಕಳದದ ಅನ್ನೂದ ಆಕಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹ್ಯಾಂಗ ಕ್ಷಮಿಸ್ತಾರ?"

ನಾನು ಒಪ್ಪಿದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಆ ಮನುಷ್ಯನ ಮುಖ ನೋಡಿ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಅಮ್ಮನವರು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಲೋಟಗಳ ಮೇಲೆ ಕೆನೆ ಕಟ್ಟಿತ್ತು. ತಟ್ಟೆಯನ್ನು ಮೇಜಿನ ಮೇಲಿಟ್ಟರು.

"ಬ್ಯಾಡ" ಎಂದರು.

"ಕೃಪಾ..." ಎಂದರು ಅಯ್ಯನವರು. ಆ ಹೆಸರನ್ನು ಅವರು ಹಾಗೆ ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ನಾ ಹೇಳೂದು ಕೇಳ್ರಿ. ಆ ಹುಡುಗೀನ್ನ ನಾ ಕಂಡಿಲ್ಲ. ಊರ ಮಂದಿ ಕಂಡಿಲ್ಲ, ಬರೇ ಕೇಳ್ಯಾರ. ಕಂಡವರು ಅಂದ್ರ ನೀವೊಬ್ಬರ. ಅಪ್ಪನ್ನ ಬಿಟ್ಟು, ಬಳಿ ಬಿಚ್ಚಿಟ್ಟು, ನಿಮ್ಮ ಕಿಟಕಿಗೆ ಬಂದು ನಿಂತಾಳ. ಈಗ ನೀವೂ ಆಕೀನ್ನ ಮರತ್ರ ಆಕಿ ಎಲ್ಲಿಗೆ ಹೋಗಬೇಕು?"

ಅಯ್ಯನವರು ಮೇಜಿನ ಮೇಲೆ ತಲೆಯಿಟ್ಟು ಅತ್ತರು. ದನಿ ಹೊರಡಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು. ಅಮ್ಮನವರು ಅವರ ಪಕ್ಕಕ್ಕೆ ಬಂದು ನಿಂತರು. ಹೆಗಲ ಮೇಲೆ ಕೈಯಿಡಲೋ ಬೇಡವೋ ಎಂದು ಅನುಮಾನಿಸಿದರು, ಬೇರೊಬ್ಬ ಹೆಂಗಸಿನ ಗಂಡನನ್ನು ಸಮಾಧಾನ ಮಾಡಬೇಕಾಗಿ ಬಂದವರ ಹಾಗೆ. ಆಮೇಲೆ ಇಟ್ಟರು. ನಾನು ಎದ್ದು ಬಂದೆ.

ಮಹಿಳಾ ಭಾನುವಾರ ನಾನು ಮುದಿ ಅಯ್ಯನವರ ಕುರಿಯನ್ನೇ ಹುಡುಕಿ ತಂದೆ. ಜನ ತೂಕಡಿಸಿದರು. ಸತ್ಯಸೇವಕ ಅಯ್ಯನವರು ಕಪ್ತಾನರ ಪೆಟ್ಟಿಗೆಗಳನ್ನು ಹಳೇ ಪುಸ್ತಕದವನಿಗೆ ಕೊಟ್ಟುಬಿಟ್ಟು, ದೃಷ್ಟಾಂತವೇ ಇಲ್ಲದೆ, ವಾಕ್ಯವನ್ನು ಓದಿ ಬಿಡಿಸಿ ಹೇಳಿ ಪೀಠ ಇಳಿಯತೊಡಗಿದರು. ದೇವಾಲಯ ಮತ್ತೆ ಅರ್ಧ ಖಾಲಿಯಾಯಿತು. ಯೋನಪ್ಪನ ಮನೆಗೆ ಅವರು ಸಂಜೆ ಸಂಜೆ ಹೋಗುತ್ತಿದ್ದರು. ಅವನನ್ನು ಅಂಗಡಿಯಿಂದ ಕೈಹಿಡಿದು ಕರೆತಂದು ಮನೆ ಸೇರಿಸುತ್ತಿದ್ದರು. ಅವನು ದಾರಿಯುದ್ದಕ್ಕೂ ಬೈಯುತ್ತಿದ್ದ, ಅವರು ಕೇಳಿಸಿಕೊಳ್ಳುತ್ತಿದ್ದರು. ಅವನು ಕುಡಿತ ಬಿಡಲಿಲ್ಲ.

ಊರಿನ ತಾಯಂದಿರು ಮದುವೆಗೆ ಬಂದ ಹೆಣ್ಣುಮಕ್ಕಳಿಗೆ ಇವತ್ತಿಗೂ ಆ ಕಿಟಕಿಯ ಕಥೆ ಹೇಳುತ್ತಾರೆ. ಬಹಳ ಚೆನ್ನಾಗಿ ಹೇಳುತ್ತಾರೆ. ಕೇಳುವಾಗ ನನಗೆ ಕದ್ದ ಮಾಲನ್ನು ಮನೆಯಲ್ಲಿಟ್ಟುಕೊಂಡ ಹಾಗೆ ಅನಿಸುತ್ತದೆ. ಯಾರಿಗೆ ತಿರುಗಿ ಕೊಡುವುದು?

ಅವರಿಗೆ ಮತ್ತೆ ವರ್ಗವಾಯಿತು. ಬಸ್ಸಿನ ಮೇಲೆ ಸಾಮಾನು ಕಟ್ಟುತ್ತಿದ್ದಾಗ ಅಮ್ಮನವರು ನನ್ನನ್ನು ಪಕ್ಕಕ್ಕೆ ಕರೆದರು. ಅಷ್ಟು ದೂರದಲ್ಲಿ ಅಯ್ಯನವರು ಹಗ್ಗ ಬಿಗಿಯುವವನಿಗೆ ಏನೋ ಹೇಳುತ್ತಿದ್ದರು. ಮುದುಕರಾಗಿ ಕಂಡರು. ಅಯ್ಯನವರು ಈಗ ಸಂಜೆ ಹೊತ್ತು ಆ ಹುಡುಗಿಯ ವಿಷಯ ತಮಗೆ ಹೇಳುತ್ತಾರೆ ಎಂದರು ಅಮ್ಮನವರು; ಹೇಳಿ ಎಂದು ಅಮ್ಮನವರೇ ಕೇಳುತ್ತಾರಂತೆ. ಆಕೆ ಹೇಗೆ ನಗುತ್ತಿದ್ದಳು, ತಲೆಗೆ ಏನು ಮುಡಿಯುತ್ತಿದ್ದಳು, ಎಲ್ಲ.

"ಕೇಳಿ ಕೇಳಿ ಆಕಿ ನನಗೂ ಪರಿಚಯ ಆಗ್ಯಾಳ" ಎಂದರು. "ಇವರು ಒಳ್ಳೆಯವರು, ಪ್ರಿಸ್ಕಿಲ್ಲಾ. ನನಗ ಇವರ ಮ್ಯಾಲ ಸಿಟ್ಟಿಲ್ಲ. ಆದ್ರ ಆಕಿ ಪ್ರೀತಿ ಮಾಡಿದ ಹಂಗ ಮಾಡಾಕ ನನ್ನ ಕಡಿಂದ ಆಗೂದಿಲ್ಲ. ಭಾಳ ನೋಡಿದೆ, ಆಗೂದಿಲ್ಲ."

ಕಂಡಕ್ಟರು ಸೀಟಿ ಊದಿದ. ಅಯ್ಯನವರು ತಿರುಗಿ, ಹೆಂಡತಿ ಎಲ್ಲಿದ್ದಾಳೆಂದು ಜನರ ನಡುವೆ ಹುಡುಕುತ್ತಿದ್ದರು.

"ಹಂಗಾರ ಏನು ಮಾಡ್ತೀರಿ?" ಎಂದೆ.

"ಏನು ಮಾಡ್ಲಿ?" ಎಂದು ಅವರು ಸೆರಗು ಹೊದ್ದುಕೊಂಡರು. "ಇವರ ಜೋಡಿ ಇರ್ತೀನಿ" ಎಂದು ಗಂಡ ನಿಂತಿದ್ದ ಕಡೆ ನಡೆದರು.